ಗಂಟೆಗೋಪುರ ಕೇಳಿದ ಹುಡುಗಿ

ಕಾಲೇಜಿನಲ್ಲಿ ನನಗೆ ರೂಮ್‌ಮೇಟಾಗಿ ಬಂದವಳು ಹುಬ್ಬಳ್ಳಿಯ ಹುಡುಗಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆಚೆ ದಡದಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಕಾಲೇಜು ನಮ್ಮದು. ಮರದ ಮೆಟ್ಟಿಲು ಕಿರುಗುಟ್ಟಿದರೂ ಅವಳಿಗೆ ಸಂಭ್ರಮ, ಬಾಗಿಲಿಗೆ ಹಿತ್ತಾಳೆಯ ಹಿಡಿ ಕಂಡರೂ ಸಂಭ್ರಮ. "ಏ, ಇಲ್ಲೆ ನೋಡ ಬಾ!" ಎಂದು ನನ್ನ ತೋಳು ಹಿಡಿದು ಎಳೆಯುವಳು. ನನ್ನ ಸ್ವೆಟರಿನ ಒಂದು ತೋಳು ಉದ್ದವಾದದ್ದು ಹಾಗೆ.

ಮೊದಲ ಕ್ಲಾಸಿಗೆ ವಯಸ್ಸಾದ ಪ್ರೊಫೆಸರಮ್ಮ ಒಳಬಂದರು. ಇವಳು ಊರಿನ ಅಭ್ಯಾಸದಂತೆ ತಟ್ಟನೆ ಎದ್ದು, "ಗುಡ್ ಮಾರ್ನಿಂಗ್ ಮೇಡಂ" ಎಂದು ರಾಗ ಎಳೆದಳು. ಬೇರೆ ಯಾರೂ ಏಳಲಿಲ್ಲ. ಅವರು ಕನ್ನಡಕ ಸರಿಮಾಡಿಕೊಂಡು, "ಹೇಳು, ಏನು ನಿನ್ನ ಪ್ರಶ್ನೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಅವಳಲ್ಲಿ ಪ್ರಶ್ನೆಯೇ ಇರಲಿಲ್ಲ. ಆದರೂ ಕಿಟಕಿಯಾಚೆ ಕಾಣುತ್ತಿದ್ದ ಕಾಲೇಜಿನ ಗೋಪುರ ತೋರಿಸಿ ಕೇಳಿದಳು: "ಮೇಡಂ, ಗಂಟೆಗೋಪುರ ಹತ್ತಬಹುದಾ?"

ಕ್ಲಾಸು ಗೊಳ್ಳೆಂದಿತು. ಅವರು ನಗಲಿಲ್ಲ. "ಇಷ್ಟು ವರ್ಷದಿಂದ ಇಲ್ಲಿದ್ದೇನೆ, ನಾನೇ ಹತ್ತಿಲ್ಲ" ಎಂದವರು, ಪಾಠ ಮುಗಿದದ್ದೇ ಆಫೀಸಿನಿಂದ ಬೀಗದ ಕೈ ತರಿಸಿದರು. ಮೂವರೂ ಹತ್ತಿದೆವು; ಮೇಲೆ ಗಾಳಿಯೋ ಗಾಳಿ. ಬಿಸಿಲಿಗೆ ಹೊಳೆಯುವ ಕೊಲ್ಲಿ ಕಂಡದ್ದೇ ಇವಳು ಪ್ರೊಫೆಸರಮ್ಮನ ತೋಳನ್ನೇ ಹಿಡಿದೆಳೆದು, ಕನ್ನಡದಲ್ಲೇ ಕೂಗಿದಳು: "ಏ, ಇಲ್ಲೆ ನೋಡ ಬಾ!"

"ಪ್ರಶ್ನೆ ಇಲ್ಲ ಅಂತ ಹೇಳಿ ಕೂತ್ಕೋಬಹುದಿತ್ತಲ್ಲೇ" ಎಂದೆ ಸಂಜೆ.

"ಎದ್ದ ನಿಂತೀನಿ, ಸುಮ್ಮನ ಹ್ಯಾಂಗ ಕೂಡ್ಲಿ?"

ಮುಂದಿನ ಕ್ಲಾಸಿನಲ್ಲಿ, ಏನೇ ಆದರೂ ಏಳಬಾರದೆಂದು ಬೆಂಚು ಬಿಗಿಹಿಡಿದು ಕೂತಳು. ಪ್ರೊಫೆಸರಮ್ಮ ಚೀಲ ಕೆಳಗಿಡದೆ ಬಾಗಿಲಲ್ಲೇ ನಿಂತು, ಅವಳನ್ನೇ ನೋಡುತ್ತಾ ಕೇಳಿದರು:

"ಇವತ್ತು ಎಲ್ಲಿಗೆ?"