ಎಡಕ್ಕೆ ಸುತ್ತಿದ ಅವರೆಬಳ್ಳಿ

ಮೊದಲೇ ಹೇಳಿಬಿಡುತ್ತೇನೆ, ದಿಂಬಿನ ಚೀಲಗಳ ಮೇಲಿದ್ದವು ಗಿಣಿಗಳೇ ಎಂದು ನಾನು ಆಣೆ ಮಾಡಿ ಹೇಳಲಾರೆ. ಗೊರವಂಕಗಳೂ ಆಗಿದ್ದಾವು. ಹಸಿರು ದಾರವಂತೂ ನೆನಪಿದೆ. ಆದರೆ ಆ ಹಸಿರು ಹಕ್ಕಿಯದೋ, ಅದು ಕೂತ ಕೊಂಬೆಯ ಎಲೆಯದೋ ಎಂದು ಯಾರಾದರೂ ಪಾಟೀಸವಾಲು ಹಾಕಿದರೆ ತಡವರಿಸುತ್ತೇನೆ. ನನಗೆ ಖಾತ್ರಿಯಿರುವುದು ಅಮ್ಮ ಅವನ್ನು ಬಟ್ಟೆಗೆ ಇಳಿಸುತ್ತಿದ್ದ ರೀತಿ. ತೆಳು ಕಾಗದದ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಿ, ಕಾಗದವನ್ನು ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಪುಡಿಯನ್ನು ಚಿಂದಿಯ ಉಂಡೆಯಿಂದ ಒರೆಸುತ್ತಿದ್ದಳು. ಕಾಗದ ಎತ್ತಿದರೆ ಕೆಳಗೆ ನೀಲಿ ಚುಕ್ಕಿಗಳ ಹಕ್ಕಿ. ಅದೇ ಕಾಗದವನ್ನು ಮಗುಚಿ ಇನ್ನೊಂದು ಚೀಲದ ಮೇಲೆ ಒರೆಸಿದರೆ ಅದೇ ಹಕ್ಕಿ ಮುಖ ಆ ಕಡೆಗೆ ತಿರುಗಿಸಿ ಕೂತಿರುತ್ತಿತ್ತು. ಹಾಸಿಗೆಯ ಮೇಲೆ ದಿಂಬುಗಳನ್ನು ಜೋಡಿಸಿದಾಗ ಎರಡೂ ಒಂದನ್ನೊಂದು ನೋಡುತ್ತಿದ್ದವು. ಇವುಗಳಲ್ಲಿ ಮೊದಲಿನದು ಯಾವುದು, ಮಗುಚಿದ್ದು ಯಾವುದು ಎಂದು ನಾನು ಎಲ್ಲರನ್ನೂ ಪೀಡಿಸುತ್ತಿದ್ದೆನಂತೆ. ಈ 'ಅಂತೆ' ಚಿಕ್ಕಮ್ಮನದು. ನನಗೆ ನೆನಪಿಲ್ಲ.

ಈಗ ಭೇಲೂಪುರದ ಬಾಡಿಗೆ ಮನೆಯಲ್ಲಿ ನಾನೂ ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತಿದ್ದೇನೆ. ಸಸ್ಯಶಾಸ್ತ್ರದ ಪಾಠ ಹೇಳಲೆಂದು ಕಾಶಿಗೆ ಬಂದವಳು ನಾನು. ಪಾಠ ಮುಗಿಯಿತು, ಕಾಶಿ ಮುಗಿಯಲಿಲ್ಲ. ನಿವೃತ್ತಳಾದ ಮೇಲೆ ಗಿಡಗಳ ಜಲವರ್ಣ ಚಿತ್ರ ಬರೆಯುತ್ತೇನೆ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ನಿಜ ಹೇಳಬೇಕೆಂದರೆ ನಾನು ಹೆಚ್ಚಾಗಿ ಚಿತ್ರ ಬರೆಯುವುದಿಲ್ಲ, ಚಿತ್ರಕ್ಕೆ ಸಿದ್ಧತೆ ಮಾಡುತ್ತೇನೆ. ಮದುವೆಗಿಂತ ಮದುವೆಯ ಓಡಾಟವನ್ನೇ ಇಷ್ಟಪಡುವ ಜನರಿಲ್ಲವೇ, ಹಾಗೆ.

ಕಾಗದ ಎಂದರೆ ನೀವು ಪತ್ರ ಬರೆಯುವ ಕಾಗದವಲ್ಲ. ದಪ್ಪನೆಯದು, ಮೈ ಮಾತ್ರ ನುಣುಪು. ಒಣಗಿದ ಕಾಗದಕ್ಕೆ ಹಾಗೇ ನೀರುಬಣ್ಣ ಹಚ್ಚಿದರೆ ಅದು ಜ್ವರ ಬಂದವರಂತೆ ಸೊಟ್ಟಸೊಟ್ಟ ಏಳುತ್ತದೆ. ಆದ್ದರಿಂದ ಅದನ್ನು ಮೊದಲು ಟಬ್ಬಿನಲ್ಲಿ ನೆನೆಹಾಕಿ, ಹಲಗೆಯ ಮೇಲೆ ಹಾಸಿ, ನಾಲ್ಕೂ ಅಂಚಿಗೆ ನೀರು ಸವರಿದ ಅಂಟುಪಟ್ಟಿ ಒತ್ತಿ, ಒಣಗಲು ಬಿಡಬೇಕು. ಒದ್ದೆಯಾಗಿದ್ದಾಗ ಹಿಗ್ಗಿದ ಕಾಗದ ಒಣಗುವಾಗ ಕುಗ್ಗಲು ಹೊರಡುತ್ತದೆ. ಅಂಚು ಬಿಡುವುದಿಲ್ಲ. ಆ ಜಗ್ಗಾಟದಲ್ಲೇ ಅದು ಮದ್ದಳೆಯಂತೆ ಬಿಗಿಯುತ್ತದೆ. ಅವಸರಪಟ್ಟು ಸುಡುಬಿಸಿಲಿನಲ್ಲಿಟ್ಟರೆ ಪಟ್ಟಿಯೇ ಕಿತ್ತು ಬರುತ್ತದೆ. ಒಳಗಿಟ್ಟರೆ, ಮಳೆಗಾಲದ ಬನಾರಸ್ಸಿನಲ್ಲಿ, ಒಣಗುವ ಮೊದಲು ಬೂಸಲು ಹಿಡಿಯುತ್ತದೆ. ಹಾಗಾಗಿ ತಾರಸಿಯ ನೆರಳಿನಲ್ಲಿ ಹಲಗೆ ಇಟ್ಟುಕೊಂಡು, ಕೋತಿಗಳಿಗೆಂದು ಒಂದು ಕೋಲು ಹಿಡಿದು, ಪಕ್ಕದಲ್ಲಿ ಕೂರುತ್ತೇನೆ. ಕೆಳಗಿನ ಮನೆಯೊಡತಿ ಬಟ್ಟೆ ಹರವಲು ಬಂದಾಗ ಒಮ್ಮೆ ನನ್ನನ್ನೂ ಕೋಲನ್ನೂ ಹಲಗೆಯನ್ನೂ ನೋಡಿ, "ದೀದಿ, ಇತ್ನಾ ಬಡಾ ಪಾಪಡ್?" ಎಂದಳು. ಇಷ್ಟು ದೊಡ್ಡ ಹಪ್ಪಳವೇ ಎಂದು. ಹೌದೆಂದೆ. ಕರಿದ ಮೇಲೆ ನಮಗೂ ಕಳಿಸಿ ಎಂದು ನಗುತ್ತಾ ಇಳಿದುಹೋದಳು. ಆ ದಿನ ನಾನು ಆಡಿದ ಮಾತು ಅದೊಂದೇ ಎಂದು ಸಂಜೆ ದಿನಚರಿ ಬರೆಯುವಾಗ ಹೊಳೆಯಿತು.

ಹೀಗೆ ಹೇಳಿದರೆ ನೀವು ಮರುಗಲು ಶುರುಮಾಡುತ್ತೀರಿ. ಬೇಡ. ಒದ್ದೆ ಕಾಗದಕ್ಕೂ ಒಬ್ಬರು ಕಾವಲಿರಬೇಕಲ್ಲ, ಆ ಒಬ್ಬರು ನಾನು ಎಂಬುದು ಸಣ್ಣ ಸಂಗತಿಯಲ್ಲ. ಅದೂ ಅಲ್ಲದೆ ಸೋಮವಾರ ಬಂತೆಂದರೆ ನನಗೆ ಬೇಕಾದಷ್ಟು ಮಾತು ಸಿಗುತ್ತದೆ. ಅವತ್ತು ಬಂಗಾಲಿ ಟೋಲಾದ ಚಿಕ್ಕಮ್ಮನ ಮನೆಗೆ ಹೋಗುತ್ತೇನೆ.

ಚಿಕ್ಕಮ್ಮ ಅಮ್ಮನ ತಂಗಿ. ಚಿಕ್ಕ ವಯಸ್ಸಿನಲ್ಲೇ ಗಂಡ ಹೋದ ಮೇಲೆ ನಮ್ಮ ಮನೆಯಲ್ಲೇ ಇದ್ದು ನನ್ನನ್ನು ಎತ್ತಿ ಆಡಿಸಿದವಳು. ಅಮ್ಮ ತೀರಿಕೊಂಡ ನಂತರ ಕಾಶಿವಾಸಕ್ಕೆಂದು ಬಂದಳು. ನಾನಿಲ್ಲಿ ಇದ್ದೇನೆಂದು ಬಂದಳೆಂದು ನಾನು ಅಂದುಕೊಂಡಿದ್ದೇನೆ. ವಿಶ್ವನಾಥನಿದ್ದಾನೆಂದು ಬಂದೆ ಎಂದು ಅವಳು ಹೇಳುತ್ತಾಳೆ. ನನ್ನ ಜೊತೆ ಇರು ಎಂದರೆ ಭೇಲೂಪುರದಿಂದ ಗಂಗೆ ದೂರ ಎಂದು ಒಪ್ಪಲಿಲ್ಲ. ಕೇದಾರ ಘಾಟಿನ ಹತ್ತಿರ ಒಂದು ಕೋಣೆ, ಒಂದು ಕಿಟಕಿ, ಒಂದು ಸ್ಟವ್. ಅವಳ ಕನ್ನಡಕ್ಕೆ ಈಗ ಸಬ್ಜಿ, ದವಾಯಿ, ಗಲ್ಲಿಗಳು ಸೇರಿಕೊಂಡಿವೆ. ನನ್ನ ಕನ್ನಡಕ್ಕೆ ಅವಳಲ್ಲದೆ ಬೇರೆ ಬಳಕೆಯಿಲ್ಲ. ತಲೆ ಪೂರ್ತಿ ನರೆತಿರುವ ನನ್ನನ್ನು 'ಮಗೂ' ಎಂದು ಕರೆಯುವವರು ಭೂಮಿಯ ಮೇಲೆ ಉಳಿದಿರುವುದು ಅವಳೊಬ್ಬಳೇ. ಈಚೆಗೆ ಅವಳು ಮಾತಿನ ನಡುವೆ ಎಲ್ಲೋ ಹೊರಟುಬಿಡುತ್ತಾಳೆ, ಗಲ್ಲಿಯ ತಿರುವಿನಲ್ಲಿ ಮರೆಯಾದವರಂತೆ. ತಿರುಗಿ ಬರುವವರೆಗೆ ನಾನು ಕಾಯುತ್ತೇನೆ. ಅವಳೂ ಹೋದರೆ, ನಮ್ಮ ಮನೆಯಲ್ಲಿ ಇಂಥದ್ದು ನಡೆದಿತ್ತು ಎಂದು ನಾನು ಹೇಳಿದರೆ ಹೌದು ಎನ್ನಲೂ ಅಲ್ಲ ಎನ್ನಲೂ ಯಾರೂ ಇರುವುದಿಲ್ಲ. ನೆನಪನ್ನು ನಂಬದ ನನ್ನಂಥವಳಿಗೆ ಇದು ದೊಡ್ಡ ಭಯ.

ಅವರೆಬಳ್ಳಿಯ ಚಿತ್ರಕ್ಕೆ ಕೈ ಹಾಕಿದ್ದು ಇದೇ ಭಯದಲ್ಲಿ. ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದು ಕಾಯಿಯನ್ನೋ ಹಣ್ಣನ್ನೋ ಗಂಗೆಯ ಮುಂದೆ ಬಿಟ್ಟು, ಮತ್ತೆಂದೂ ಅದನ್ನು ಬಾಯಿಗಿಡಬಾರದು ಎಂಬ ಪದ್ಧತಿ ನಿಮಗೆ ಗೊತ್ತಿರುತ್ತದೆ. ಜಾಣರು ಇದಕ್ಕೂ ದಾರಿ ಹುಡುಕಿದ್ದಾರೆ. ನಮ್ಮ ದೊಡ್ಡಪ್ಪ ಹಾಗಲಕಾಯಿ ಬಿಟ್ಟು ಬಂದು, ಪುಣ್ಯವೂ ಬಂತು, ಕಹಿಯೂ ತಪ್ಪಿತು ಎಂದು ಮೀಸೆ ತಿರುವುತ್ತಿದ್ದರು. ಅಮ್ಮ ಅಂಥವಳಲ್ಲ. ನಾನು ಚಿಕ್ಕವಳಿದ್ದಾಗ ಅಮ್ಮ, ಚಿಕ್ಕಮ್ಮ ಇಬ್ಬರೂ ಕಾಶಿಗೆ ಬಂದುಹೋದರು. ಅಮ್ಮ ಬಿಟ್ಟದ್ದು ಅವರೆಕಾಯಿ ಎಂದು ನಾನು ಇಡೀ ಆಯುಷ್ಯ ನಂಬಿದ್ದೆ. ಚಳಿಗಾಲದಲ್ಲಿ ಮನೆಯೆಲ್ಲ ಸೊಗಡವರೆಯ ವಾಸನೆ, ಎಲ್ಲರ ತಟ್ಟೆಯಲ್ಲೂ ಹಿತಕವರೆ ಹುಳಿ. ಅಮ್ಮನ ಪಕ್ಕ ಮಾತ್ರ ಪುಟ್ಟ ತಪ್ಪಲೆಯಲ್ಲಿ ಮೆಣಸಿನ ಸಾರು. ಈ ಚಿತ್ರ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಕಣ್ಣಿಗೆ ಕಟ್ಟಿದ್ದನ್ನು ಅನುಮಾನಿಸಬೇಕು ಎಂದು ಎಷ್ಟು ವರ್ಷ ಹುಡುಗರಿಗೆ ಪಾಠ ಹೇಳಿದೆನೋ.

ಹಿಂದಿನ ಚಳಿಗಾಲದಲ್ಲಿ ಊರಕಡೆಯ ಯಾತ್ರಿಕರು ಯಾರೋ ಚಿಕ್ಕಮ್ಮನಿಗೆ ಒಣ ಅವರೆಕಾಳಿನ ಪೊಟ್ಟಣ ಕೊಟ್ಟುಹೋಗಿದ್ದರು. ಅವಳು ಅದನ್ನು ಬಿಚ್ಚದೆ ನನ್ನ ಚೀಲಕ್ಕೆ ಹಾಕಿದಳು. ಹಲ್ಲಿಲ್ಲವಲ್ಲ, ಪಾಪ ಎಂದುಕೊಂಡೆ. ಮಳೆ ಇಳಿಯುವ ಹೊತ್ತಿಗೆ ನಾಲ್ಕಾರು ಕಾಳನ್ನು ಕುಂಡದಲ್ಲಿ ಊರಿದೆ. ಬಿದಿರು ಕಡ್ಡಿ ಹಿಡಿದು ಬಳ್ಳಿ ಮೇಲೇರಿತು, ಚಳಿ ಬೀಳುತ್ತಲೇ ಹೂಬಿಟ್ಟಿತು. ಬನಾರಸ್ಸಿನ ಮಾರುಕಟ್ಟೆಯಲ್ಲಿ ಸಿಗುವ ಸೇಮ್ ಕೂಡ ಅವರೆಯ ನೆಂಟನೇ, ಆದರೆ ಸೊಗಡಿಲ್ಲದ ನೆಂಟ. ನನ್ನ ತಾರಸಿಯಲ್ಲಿ ಸೊಗಡು ಬಂದ ದಿನ ನಿಶ್ಚಯಿಸಿದೆ: ಇದನ್ನು ಬರೆದು ಚಿಕ್ಕಮ್ಮನ ಗೋಡೆಗೆ ಹಾಕಬೇಕು. ಅಮ್ಮ ಬಿಟ್ಟದ್ದು ಅಲ್ಲಾದರೂ ಇರಲಿ. ಅವಳು ನೋಡಿ 'ಹೌದು ಕಣೇ' ಎನ್ನಲಿ.

ಬಿಗಿದ ಕಾಗದದ ಮೇಲೆ ನೇರವಾಗಿ ಚಿತ್ರ ಬರೆಯುವಂತಿಲ್ಲ. ರಬ್ಬರ್ ಉಜ್ಜಿದಲ್ಲೆಲ್ಲ ಮೈ ತರಚಿಕೊಂಡು, ಬಣ್ಣ ಹಾಕಿದಾಗ ಗಾಯದಂತೆ ಕಪ್ಪಿಡುತ್ತದೆ. ತಪ್ಪು, ತಿದ್ದುವಿಕೆ, ಹಠ ಎಲ್ಲವನ್ನೂ ಅಗ್ಗದ ಹಾಳೆಯ ಮೇಲೆ ಮುಗಿಸಿಕೊಂಡು, ಸರಿಯಾದ ಗೆರೆಯನ್ನಷ್ಟೇ ಟ್ರೇಸಿಂಗ್ ಹಾಳೆಗೆ ಎತ್ತಿಕೊಂಡು, ಅದರ ಬೆನ್ನಿಗೆ ಮೆತ್ತನೆಯ ಪೆನ್ಸಿಲ್ ಸವರಿ, ಬಿಗಿದ ಕಾಗದದ ಮೇಲಿಟ್ಟು ಗಟ್ಟಿ ಪೆನ್ಸಿಲಿನಿಂದ ಮತ್ತೊಮ್ಮೆ ಗೆರೆ ಎಳೆಯಬೇಕು. ಕೆಳಗೆ ಉಸಿರಿನಷ್ಟು ತೆಳುವಾದ ಗೆರೆ ಇಳಿಯುತ್ತದೆ. ನಮ್ಮ ದೇಶದ ಹಳೆಯ ಚಿತ್ರಕಾರರು ಇದಕ್ಕೆ ಜಿಂಕೆಯ ಚರ್ಮವನ್ನು ಪಾರದರ್ಶಕವಾಗುವಷ್ಟು ಹದಮಾಡಿ ಬಳಸುತ್ತಿದ್ದರಂತೆ. ಗೆರೆಗೆ ತೂತು ಚುಚ್ಚಿ ಇದ್ದಿಲಪುಡಿ ಉದುರಿಸುತ್ತಿದ್ದರಂತೆ. ಅಮ್ಮನಿಗೆ ಜಿಂಕೆಯ ವಿಷಯ ಗೊತ್ತಿರಲಿಲ್ಲ, ವಿದ್ಯೆ ಮಾತ್ರ ಅದೇ. ರಬ್ಬರ್ ಬರುವ ಮೊದಲು ಜನ ಪೆನ್ಸಿಲ್ ಗೆರೆಯನ್ನು ಬ್ರೆಡ್ಡಿನ ತಿರುಳಿನಿಂದ ಅಳಿಸುತ್ತಿದ್ದರೆಂದು ಓದಿ, ನಾನೊಮ್ಮೆ ಚಪಾತಿ ಹಿಟ್ಟಿನ ಉಂಡೆ ಒತ್ತಿ ನೋಡಿದೆ. ಗೆರೆ ಹೋಗಲಿಲ್ಲ, ಇರುವೆಗಳು ಬಂದವು.

ಈ ಸಲ ನಾನು ಇನ್ನೊಂದು ಬುದ್ಧಿವಂತಿಕೆ ಮಾಡಿದೆ. ಎತ್ತಿಕೊಂಡ ಹಾಳೆಯ ಮುಖದಲ್ಲೇ ಪೆನ್ಸಿಲ್ ಇದೆಯಲ್ಲ, ಮತ್ತೆ ಬೆನ್ನಿಗೆ ಸವರುವ ಗೋಜೇಕೆ ಎಂದು ಹಾಳೆಯನ್ನು ಬೋರಲು ಹಾಕಿ ಹಿಂದಿನಿಂದ ಉಜ್ಜಿದೆ. ಚೆನ್ನಾಗಿ ಇಳಿಯಿತು. ಎಲೆಗಳಿಗೆ ಬಣ್ಣವನ್ನೂ ತುಂಬಿದೆ. ಹೂಗೊಂಚಲನ್ನೂ ಮುಗಿಸಿ ಕುಂಡದ ಕಡೆ ನೋಡಿದೆ, ಕಾಗದ ನೋಡಿದೆ, ಮತ್ತೆ ಕುಂಡ ನೋಡಿದೆ. ಕುಂಡದ ಬಳ್ಳಿ ಕಡ್ಡಿಯನ್ನು ಎಡದಿಂದ ಬಲಕ್ಕೆ ಏರುತ್ತಾ ಸುತ್ತಿತ್ತು. ನನ್ನ ಬಳ್ಳಿ ಬಲದಿಂದ ಎಡಕ್ಕೆ ಏರುತ್ತಿತ್ತು.

ಇದೇನು ಮಹಾ ಎನ್ನಬೇಡಿ. ಬಳ್ಳಿಗಳಿಗೆ ಸುತ್ತುವ ದಿಕ್ಕು ಹುಟ್ಟಿನಿಂದ ಬಂದದ್ದು. ಬಿಡಿಸಿ ಬೇರೆ ಕಡೆಗೆ ಸುತ್ತಿದರೆ ಹಠಮಾಡಿ ಬಿಚ್ಚಿಕೊಂಡು ಮತ್ತೆ ತನ್ನ ದಿಕ್ಕಿಗೇ ಬರುತ್ತವೆ. ಕಾಡುಗೆಣಸುಗಳಲ್ಲಿ ಬಳ್ಳಿ ಯಾವ ಕಡೆಗೆ ಸುತ್ತುತ್ತದೆ ಎಂದು ನೋಡಿ ಜಾತಿ ಗುರುತಿಸುವುದುಂಟು. ನಾನು ಬರೆದದ್ದು ಲೋಕದಲ್ಲೇ ಇಲ್ಲದ ಅವರೆ. ಎಲೆ ಸರಿ, ನರ ಸರಿ, ಹೂವಿನ ನೇರಳೆ ಸರಿ, ಒಂದೊಂದು ರೋಮವೂ ಸರಿ. ಒಟ್ಟು ಸುಳ್ಳು.

ಮತ್ತೆ ಕಾಗದ ನೆನೆಹಾಕಬೇಕಿತ್ತು. ಆದರೆ ಅಷ್ಟರಲ್ಲಿ ಸೋಮವಾರ ಬಂತು. ಚಿಕ್ಕಮ್ಮನ ಕಣ್ಣಿಗೆ ಎಡವೇನು, ಬಲವೇನು ಎಂದುಕೊಂಡು ಆ ಚಿತ್ರವನ್ನೇ ಹಲಗೆಯಿಂದ ಬಿಡಿಸಿ ಒಯ್ದೆ. ಅವಳು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು.

"ಅವರೆ ಅಲ್ಲವೇನೇ?"

ಹೌದು, ಅಮ್ಮ ಬಿಟ್ಟದ್ದಲ್ಲವೇ, ಅದಕ್ಕೇ ಬರೆದೆ ಎಂದೆ. ಅವಳು ಚಿತ್ರವನ್ನು ಮಡಿಲಲ್ಲಿಟ್ಟುಕೊಂಡಳು.

"ಅಕ್ಕ ಎಲ್ಲಿ ಬಿಟ್ಟಳು ಅವರೆ? ಬಿಟ್ಟೋಳು ನಾನು ಕಣೇ."

ಸಾರಿನ ತಪ್ಪಲೆಯ ವಿಷಯ ಹೇಳಿದೆ. ಅಮ್ಮನ ಪಕ್ಕದಲ್ಲೇ ಇರುತ್ತಿತ್ತು, ನಾನು ಕಂಡಿದ್ದೇನೆ ಎಂದು ವಾದಿಸಿದೆ. ಚಿಕ್ಕಮ್ಮ ನಕ್ಕಳು.

"ಇಬ್ಬರ ನಡುವೆ ಇರುತ್ತಿತ್ತು, ಮಗೂ. ನೀನು ಎದುರಿಗೆ ಕೂರುತ್ತಿದ್ದೆ. ಯಾರ ಬಲ, ಯಾರ ಎಡ ಅಂತ ನಿನಗೇನು ಗೊತ್ತಾಗಬೇಕು? ನನಗೆ ಅಂತಲೇ ಅಕ್ಕ ಬೇರೆ ಸಾರು ಮಾಡೋಳು. ಆ ಪೊಟ್ಟಣ ನಿನ್ನ ಚೀಲಕ್ಕೆ ಯಾಕೆ ಹಾಕಿದೆ ಅಂದುಕೊಂಡೆ?"

ಹಲ್ಲಿಲ್ಲದ್ದಕ್ಕೆ ಎಂದು ಹೇಳುವ ಧೈರ್ಯವಾಗಲಿಲ್ಲ.

ಚಿಕ್ಕಮ್ಮನ ನೆನಪೂ ಒಂದು ಟ್ರೇಸಿಂಗ್ ಹಾಳೆಯೇ, ಅದನ್ನು ಎಷ್ಟು ಸಲ ಮಗುಚಿದ್ದಾಳೋ ಎಂದು ದಾರಿಯುದ್ದಕ್ಕೂ ನನ್ನನ್ನು ಸಮಾಧಾನಪಡಿಸಿಕೊಂಡೆ. ಆದರೆ ಆ ಬಿಚ್ಚದ ಪೊಟ್ಟಣ ಅವಳ ಪಕ್ಷಕ್ಕೆ ಸಾಕ್ಷಿ ಹೇಳುತ್ತಿತ್ತು. ಮನೆಗೆ ಬಂದು ಅಮ್ಮ ಬಿಟ್ಟಿರಬಹುದಾದ್ದನ್ನು ಹುಡುಕತೊಡಗಿದೆ. ಬದನೆ? ಹಲಸು? ಸೀಬೆ? ನೇರಳೆ? ಯಾವುದನ್ನು ಅಮ್ಮ ತಿನ್ನುತ್ತಿರಲಿಲ್ಲ? ಒಂದೊಂದನ್ನೇ ಅವಳ ತಟ್ಟೆಗೆ ಹಾಕಿ ನೋಡಿದೆ. ಆಗ ತಿಳಿದದ್ದು, ನನಗೆ ಅವಳ ತಟ್ಟೆಯೇ ಕಾಣುತ್ತಿಲ್ಲ. ಬಡಿಸುವ ಕೈ ಕಾಣುತ್ತದೆ, ಬಳೆ ಕಾಣುತ್ತದೆ, ಸೌಟು ಕಾಣುತ್ತದೆ. ಅಮ್ಮ ತುತ್ತು ಬಾಯಿಗಿಡುವುದು ಮಾತ್ರ ಎಲ್ಲಿಯೂ ಇಲ್ಲ. ತನಗೆ ಬಹಳ ಇಷ್ಟವಾದ ಒಂದನ್ನು ಆಕೆ ನನ್ನ ಎದುರಿಗೇ, ನಾನು ಉಣ್ಣುತ್ತಿದ್ದ ಮನೆಯಲ್ಲೇ, ಕೊನೆಯವರೆಗೂ ತಿನ್ನದೆ ಉಳಿದಳು. ಬಹುಶಃ ಅದನ್ನೇ ನನಗೆ ಎರಡನೇ ಸಲ ಬಡಿಸಿದಳು.

ಎಡಕ್ಕೆ ಸುತ್ತಿದ ಬಳ್ಳಿ ಈಗ ಚಿಕ್ಕಮ್ಮನ ಗೋಡೆಯ ಮೇಲಿದೆ. ತಾನು ಬಿಟ್ಟ ಅವರೆ ಇಷ್ಟು ಚೆನ್ನಾಗಿತ್ತೆಂದು ತನಗೇ ಮರೆತಿತ್ತು ಎನ್ನುತ್ತಾಳೆ. ಲೋಕದಲ್ಲಿಲ್ಲದ ಅವರೆಯನ್ನು ನೋಡಿದರೆ ವ್ರತಭಂಗವಿಲ್ಲ ಎಂದು ನಾನೂ ಸುಮ್ಮನಿದ್ದೇನೆ. ನನ್ನ ತಾರಸಿಯಲ್ಲಿ ಹೊಸ ಕಾಗದ ಒಣಗಿ ಬಿಗಿದು ನಿಂತಿದೆ. ಬೆರಳಿನಿಂದ ತಟ್ಟಿದರೆ ಸಣ್ಣಗೆ ದನಿ ಕೊಡುತ್ತದೆ. ಕಾಗದ ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಏನು ಬರೆಯಬೇಕೆಂದು ಮಾತ್ರ ಗೊತ್ತಿಲ್ಲ. ಮನೆಯೊಡತಿ, ಈ ಹಪ್ಪಳ ಇನ್ನೂ ಒಣಗಿಲ್ಲವೇ ಎಂದು ಕೇಳುತ್ತಾಳೆ. ಒಣಗಿದೆ, ಎಣ್ಣೆ ಕಾಯಬೇಕು ಎನ್ನುತ್ತೇನೆ.

ಮೊನ್ನೆ ಸೋಮವಾರ ಮತ್ತೆ ಹೋಗಿದ್ದೆ. ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡು, ಬೆರಳಿಗಂಟಿದ ಪೆನ್ಸಿಲ್ ಕಪ್ಪನ್ನು ತನ್ನ ಸೆರಗಿನಿಂದ ಒರೆಸುತ್ತಾ ಕೂತಿದ್ದಳು. ಕೇದಾರದ ಗಂಟೆ ಬಾರಿಸಿ ನಿಂತಿತ್ತು. ಅವಳು ಗಲ್ಲಿಯ ತಿರುವು ದಾಟುವ ಮೊದಲೇ ಕೇಳಬೇಕೆಂದು ಕೇಳಿದೆ. ಅವಳು ತಲೆಯೆತ್ತಿದಳು, ಏನೋ ರುಚಿ ನೆನಪಾದವಳಂತೆ ತುಟಿ ಅಲುಗಿತು, ಮತ್ತೆ ನನ್ನ ಬೆರಳನ್ನು ಒರೆಸತೊಡಗಿದಳು. ಕೇಳಿದ್ದು ಇಷ್ಟೇ:

"ಹಾಗಾದರೆ ಅಮ್ಮ ಬಿಟ್ಟದ್ದು ಏನು, ಚಿಕ್ಕಮ್ಮಾ?"