ಸಾವಿರದ ಮೂವತ್ತೈದು

ಅರವತ್ತರ ದಶಕದ ನಡುವಿನ ಮಾತು. ನಾನು ಹಾಸನದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿದ್ದೆ. ಊರು ಹೊಳೆನರಸೀಪುರ; ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಮನೆಗೆ ಹೋದರೆ ಸೋಮವಾರ ಬೆಳಿಗ್ಗೆ ವಾಪಸು. ಕೆಲಸ ಕಷ್ಟದ್ದೇನಲ್ಲ. ನೋಟ್ಸ್ ಹೇಳಿ ಬರೆಸುವುದು, ಅದನ್ನೇ ಪರೀಕ್ಷೆಯಲ್ಲಿ ಕೇಳುವುದು, ಬರೆಸಿದ್ದು ಹಾಗೇ ವಾಪಸು ಬಂದರೆ ಅಂಕ ಕೊಡುವುದು. ಇದನ್ನೇ ನಾವೆಲ್ಲ ಪಾಠ ಅಂದುಕೊಂಡಿದ್ದೆವು.

ಆ ವರ್ಷ ಪ್ರಿನ್ಸಿಪಾಲರು ಮೈಸೂರಿನಲ್ಲಿ ಎರಡು ವಾರದ ತರಬೇತಿ ಮುಗಿಸಿಕೊಂಡು ಬಂದರು. ಬಂದವರೇ ನಮಗೆಲ್ಲ ಒಂದೊಂದು ಉದ್ದನೆಯ ರಿಜಿಸ್ಟರು ಹಂಚಿದರು. ಪ್ರತಿ ಪಾಠಕ್ಕೂ ಮುಂಚೆ ಒಂದು ವಾಕ್ಯ ಬರೆಯಬೇಕು: ಇದನ್ನು ಕಲಿತ ವಿದ್ಯಾರ್ಥಿ ಏನು ಮಾಡಬಲ್ಲ? ಪಾಠ ಮುಗಿದ ಮೇಲೆ ಒಬ್ಬೊಬ್ಬರ ಹೆಸರಿನ ಮುಂದೆ ‘ಸಾಧಿಸಿದ್ದಾರೆ’ ಅಥವಾ ‘ಸಾಧಿಸಿಲ್ಲ’ ಎಂದು ತುಂಬಬೇಕು. ಒಂದೇ ಒಂದು ‘ಸಾಧಿಸಿಲ್ಲ’ ಉಳಿದರೂ ಆ ವಿದ್ಯಾರ್ಥಿಯ ಪ್ರಾಯೋಗಿಕ ರೆಕಾರ್ಡಿಗೆ ರುಜು ಇಲ್ಲ. ರುಜು ಇಲ್ಲದಿದ್ದರೆ ವಾರ್ಷಿಕ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ.

ಸ್ಟಾಫ್ ರೂಮಿನಲ್ಲಿ ಗೊಣಗಾಟ ಶುರುವಾಯಿತು. ಕನ್ನಡ ಪಂಡಿತರು, “ಕಾವ್ಯ ಓದಿದವನು ಏನು ಮಾಡ್ತಾನೆ ಅಂತ ಬರೀಲಿ? ಸುಮ್ಮನೆ ಕೂತಿರ್ತಾನೆ ಅಂತ ಬರೆದರೆ ಒಪ್ತಾರಾ?” ಎಂದು ಕೇಳಿದರು. ನಾನು ಲೋಲಕದ ಪ್ರಯೋಗಕ್ಕೆ ‘ವಿದ್ಯಾರ್ಥಿಯು ಲೋಲಕದ ನಿಯಮವನ್ನು ಅರಿಯುವನು’ ಎಂದು ಬರೆದು ಒಯ್ದೆ. ಪ್ರಿನ್ಸಿಪಾಲರು ‘ಅರಿಯುವನು’ ಎಂಬುದನ್ನು ಕೆಂಪು ಪೆನ್ಸಿಲಿನಲ್ಲಿ ಹೊಡೆದು ಹಾಕಿದರು.

“ಅರಿತದ್ದು ನಿಮ್ಮ ಕಣ್ಣಿಗೆ ಕಾಣುತ್ತೇನ್ರೀ? ಕಾಣೋದನ್ನ ಬರೀರಿ.”

ಎರಡು ದಿನ ಯೋಚಿಸಿ ಮತ್ತೆ ಬರೆದೆ: ‘ವಿದ್ಯಾರ್ಥಿಯು ಲೋಲಕವನ್ನು ತಾನೇ ತೂಗಿಸಿ, ಕಾಲವನ್ನು ತಾನೇ ಅಳೆದು, ಭೂಮಿಯ ಸೆಳೆತ ಎಷ್ಟೆಂದು ಲೆಕ್ಕ ಹಾಕುವನು.’ ಪ್ರಿನ್ಸಿಪಾಲರು ಆ ವಾಕ್ಯವನ್ನು ಮೀಟಿಂಗಿನಲ್ಲಿ ಗಟ್ಟಿಯಾಗಿ ಓದಿ ಮೆಚ್ಚಿದರು. ನನಗೆ ಒಳಗೊಳಗೇ ಜಂಬ ಬಂತು.

ಪ್ರಯೋಗ ಸರಳವಾದದ್ದು. ದಾರಕ್ಕೆ ಹಿತ್ತಾಳೆ ಗುಂಡು ಕಟ್ಟಿ ತೂಗುಬಿಡಬೇಕು; ಇಪ್ಪತ್ತು ತೂಗಾಟಕ್ಕೆ ಎಷ್ಟು ಸೆಕೆಂಡು ಎಂದು ಸ್ಟಾಪ್ ಕ್ಲಾಕಿನಲ್ಲಿ ನೋಡಿ, ಸೂತ್ರಕ್ಕೆ ಹಾಕಿದರೆ ಭೂಮಿಯ ಸೆಳೆತ, ಸೆಂಟಿಮೀಟರ್ ಲೆಕ್ಕದಲ್ಲಿ, ಒಂಬೈನೂರ ಎಪ್ಪತ್ತೆಂಟರ ಹತ್ತಿರ ಬರಬೇಕು. ನಮ್ಮ ಲ್ಯಾಬಿನಲ್ಲಿ ಸ್ಟಾಪ್ ಕ್ಲಾಕ್ ಇದ್ದದ್ದು ಒಂದೇ. ಸರದಿಯ ಮೇಲೆ ಎಲ್ಲರೂ ಅದರಲ್ಲೇ ಅಳೆದರು. ಎಲ್ಲರಿಗೂ ಒಂಬೈನೂರ ಎಪ್ಪತ್ತೇಳು, ಎಪ್ಪತ್ತೆಂಟು, ಎಪ್ಪತ್ತೊಂಬತ್ತು ಬಂತು. ನಾನು ‘ಸಾಧಿಸಿದ್ದಾರೆ’, ‘ಸಾಧಿಸಿದ್ದಾರೆ’ ಎಂದು ತುಂಬುತ್ತಾ ಹೋದೆ.

ಒಬ್ಬಳ ರೆಕಾರ್ಡಿನಲ್ಲಿ ಮಾತ್ರ ಸಾವಿರದ ಮೂವತ್ತೈದು ಎಂದಿತ್ತು. ತರಗತಿಯಲ್ಲಿದ್ದ ಮೂವರು ಹುಡುಗಿಯರಲ್ಲಿ ಒಬ್ಬಳು. ಅಪ್ಪ ಅರಕಲಗೂಡು ಪೇಟೆಯಲ್ಲಿ ಬಟ್ಟೆ ವ್ಯಾಪಾರಿ. ಇವಳು ಹಾಸನದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಮತ್ತೆ ಮಾಡು ಎಂದೆ. ಸಾವಿರದ ಮೂವತ್ತಮೂರು. ಮತ್ತೆ ಮಾಡು ಎಂದೆ. ಸಾವಿರದ ಮೂವತ್ತೆಂಟು.

“ಏನಮ್ಮಾ, ಹಾಸನದಲ್ಲಿ ಭೂಮಿ ನಿನ್ನೊಬ್ಬಳನ್ನೇ ಜೋರಾಗಿ ಎಳೀತಿದೆಯಾ?” ಎಂದೆ. ತರಗತಿ ಗೊಳ್ಳೆಂದಿತು. ಅವಳು ತಲೆ ತಗ್ಗಿಸಲಿಲ್ಲ.

“ನಂಗೆ ಬತ್ತಿರೋದೇ ಅಷ್ಟು ಸಾ. ಬೇರೇವ್ರ ರೆಕಾರ್ಡ್ ನೋಡ್ಕಂಡು ಬರೀಲಾ?”

“ಹಾಗಂತ ನಾನು ಹೇಳಿದೆನಾ? ಸರಿಯಾಗಿ ಮಾಡು ಅಂದೆ.”

ಬೇರೆಯವರು ಹೇಗೆ ಬರೆದಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಿಂದಿನ ವರ್ಷದವರ ರೆಕಾರ್ಡು ಕೈಯಿಂದ ಕೈಗೆ ಬರುತ್ತದೆ. ಬರಬೇಕಾದ ಉತ್ತರವನ್ನು ಮೊದಲು ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ, ಸೆಕೆಂಡುಗಳನ್ನು ಅದಕ್ಕೆ ತಕ್ಕಂತೆ ಕೂರಿಸುತ್ತಾರೆ. ಮೈಸೂರಿನಲ್ಲಿ ಓದುವಾಗ ನಾನೂ ಹಾಗೆಯೇ ಮಾಡಿ ಮೊದಲ ದರ್ಜೆ ತೆಗೆದುಕೊಂಡವನು. ಆದ್ದರಿಂದಲೇ ಒಂಬೈನೂರ ಎಪ್ಪತ್ತೆಂಟು ಕಂಡ ಕಡೆ ನನಗೆ ಅನುಮಾನ ಬರುತ್ತಿರಲಿಲ್ಲ.

ಹಾಲ್ ಟಿಕೆಟ್ಟಿನ ಪಟ್ಟಿ ಕಳಿಸುವ ವಾರ ಅವಳು ಲ್ಯಾಬಿನಲ್ಲಿ ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಈ ವರ್ಷ ಪರೀಕ್ಷೆಗೆ ಕೂರದಿದ್ರೆ ನಮ್ಮಪ್ಪ ಕಾಲೇಜು ಬಿಡಿಸ್ತಾರೆ ಸಾ. ಚನ್ನರಾಯಪಟ್ಟಣದ ಕಡೇವ್ರು ಬಂದು ನೋಡ್ಕಂಡು ಓಗವ್ರೆ.”

“ಅದಕ್ಕೆ ನಾನೇನಮ್ಮ ಮಾಡಲಿ? ಉತ್ತರ ಸರಿ ಬರಲಿ, ಈಗಲೇ ರುಜು ಹಾಕ್ತೀನಿ.”

ಅವಳು ಆ ದಿನವೂ ಒಂದು ಗಂಟೆ ಗುಂಡು ತೂಗಿಸಿದಳು. ಸಾವಿರದ ಮೂವತ್ತೈದು. ನಾನು ‘ಸಾಧಿಸಿಲ್ಲ’ ಎಂದು ಬರೆದು ರಿಜಿಸ್ಟರು ಮುಚ್ಚಿದೆ. ಮರುವಾರದಿಂದ ಅವಳು ಕಾಲೇಜಿಗೆ ಬರಲಿಲ್ಲ. ನನ್ನ ರಿಜಿಸ್ಟರು ಅಚ್ಚುಕಟ್ಟಾಗಿದೆಯೆಂದು ಪ್ರಿನ್ಸಿಪಾಲರು ಅದನ್ನು ಮಾದರಿಯಾಗಿ ಮೈಸೂರಿಗೆ ಕಳಿಸಿದರು.

ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರೊಬ್ಬರು ಬಂದರು. ವಯಸ್ಸಾದವರು, ಮಾತು ಕಡಿಮೆ. ಪರೀಕ್ಷೆಗೆ ಮೊದಲು ತಮ್ಮ ಕೈಗಡಿಯಾರ ಬಿಚ್ಚಿ ಸ್ಟಾಪ್ ಕ್ಲಾಕಿನ ಪಕ್ಕದಲ್ಲಿಟ್ಟು, ಎರಡನ್ನೂ ಅರ್ಧ ಗಂಟೆ ಓಡಲು ಬಿಟ್ಟು, ಕಾಫಿ ಕುಡಿಯುತ್ತಾ ಕೂತರು. ಅದು ಅವರ ರೂಢಿಯಂತೆ. ಆಮೇಲೆ ಬಗ್ಗಿ ನೋಡಿ, “ಇದು ಅರ್ಧ ಗಂಟೆಗೆ ಐವತ್ತು ಸೆಕೆಂಡು ಹಿಂದೆ ಬೀಳುತ್ತಲ್ರೀ. ವರ್ಷವೆಲ್ಲ ಇದರಲ್ಲೇ ಮಾಡಿಸಿದ್ರಾ?” ಎಂದರು.

ಹಾಜರಿ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಅಷ್ಟು ನಿಧಾನವಾದ ಗಡಿಯಾರದಲ್ಲಿ ಪ್ರಾಮಾಣಿಕವಾಗಿ ಅಳೆದವರಿಗೆ ಸೆಕೆಂಡು ಕಡಿಮೆ ಸಿಕ್ಕಿ, ಉತ್ತರ ಸಾವಿರದ ಮೂವತ್ತೈದೇ ಬರಬೇಕು. ನಾನು ಬರೆದ ವಾಕ್ಯದಂತೆ ತಾನೇ ತೂಗಿಸಿ ತಾನೇ ಅಳೆದವಳು ಇಡೀ ತರಗತಿಯಲ್ಲಿ ಅವಳೊಬ್ಬಳೇ.

ಪ್ರಿನ್ಸಿಪಾಲರಿಗೆ ಹೇಳಿದೆ. ಅವರು, “ಹೊಸ ಕ್ಲಾಕಿಗೆ ಬರೆಯೋಣ. ಆ ಹುಡುಗಿ ಬಂದರೆ ಮುಂದಿನ ವರ್ಷ ಸೇರಿಸಿಕೊಳ್ಳೋಣ” ಎಂದರು. ಅರಕಲಗೂಡಿಗೆ ಹೋಗಿ ಹೇಳಬೇಕಾದವನು ನಾನು. ಪೇಪರು ನೋಡುವುದಿದೆ, ಬಿಸಿಲು ಹೆಚ್ಚಿದೆ ಎಂದು ಒಂದೂವರೆ ತಿಂಗಳು ಮುಂದೂಡಿದೆ. ನಿಜವಾದ ಕಾರಣ ಹೆದರಿಕೆ.

ಕೊನೆಗೊಂದು ದಿನ ಅವಳ ರೆಕಾರ್ಡಿಗೆ ರುಜು ಹಾಕಿ, ಅದನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಅವಳ ಅಪ್ಪ ಅಂಗಡಿಯಲ್ಲೇ ಇದ್ದರು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಗಜಕಡ್ಡಿ. ನಾನು ಯಾರೆಂದು ತಿಳಿದು ಎದ್ದು ನಿಂತರು.

“ಬನ್ನಿ ಸಾ, ಕೂತ್ಕಳಿ. ಯುಗಾದಿ ಆದ್ಮೇಲೆ ಮಗಳ ಲಗ್ನ ಆಯ್ತು. ಅಳಿಯಂದು ಚನ್ನರಾಯಪಟ್ಟಣದಾಗೆ ದಿನಸಿ ಅಂಗಡಿ. ಈಗ ಇಲ್ಲಿಗೆ ಬಂದವ್ಳೆ, ಇರಿ ಕರೀತೀನಿ.”

ಅಂಗಡಿಯ ಹಿಂದೆಯೇ ಮನೆ. ಅವಳು ಕಾಫಿ ತಂದಳು. ಅಪ್ಪ ಗಿರಾಕಿಯನ್ನು ನೋಡಲು ಮುಂದಕ್ಕೆ ಹೋದಾಗ ನಾನು ರೆಕಾರ್ಡು ಚಾಚಿದೆ.

“ತಪ್ಪು ಗಡಿಯಾರದ್ದಮ್ಮ. ನಿನ್ನ ಉತ್ತರ ಸರಿಯಾಗೇ ಇತ್ತು.”

“ಗೊತ್ತಿತ್ತು ಸಾ,” ಎಂದಳು. “ನಮ್ಮ ಸೋದರಮಾವನ ವಾಚ್ ತಂದು ಪಕ್ಕದಾಗೆ ಮಡಗಿ ನೋಡಿದ್ದೆ.”

“ಗೊತ್ತಿದ್ದೂ ಯಾಕಮ್ಮ ನನಗೆ ಹೇಳಲಿಲ್ಲ?”

ಅವಳು ನನ್ನ ಮುಖ ನೋಡದೆ, ಖಾಲಿ ಲೋಟ ತೆಗೆದುಕೊಳ್ಳುತ್ತಾ ಹೇಳಿದಳು: “ಯೋಳಾಣ ಅಂತ ಅವತ್ತೇ ಸ್ಟಾಫ್ ರೂಮಿನ ಬಾಗಿಲ ತಂಕ ಬಂದಿದ್ದೆ ಸಾ. ನೀವು ಒಳಗೆ ನನ್ ಇಸ್ಯಾನೇ ಮೇಷ್ಟ್ರುಗಳಿಗೆಲ್ಲ ಯೋಳಿ ನಗಾಡ್ತಿದ್ರಿ.”