ಎಡಗಡೆಯ ಬೋಲ್ಟು

ನಮ್ಮವ್ವ ಬಿದ್ದು ಕೈ ಮುರಿದುಕೊಂಡದ್ದು ನನ್ನಿಂದ. ಅಪ್ಪನಿಂದಲ್ಲ. ಇಷ್ಟು ಹೇಳುವುದಕ್ಕೆ ನನಗೆ ನಾಲ್ಕು ವರ್ಷ ಬೇಕಾಯಿತು — ದಿನಕ್ಕೆ ಐದು ಪೀರಿಯಡ್ ಪಾಠ ಮಾಡಿ ಒಮ್ಮೆಯೂ ತಡವರಿಸದ ಬಾಯಿಗೆ.

ಬಿದ್ದದ್ದು ಎಲ್ಲಿಂದ ಎಂದರೆ, ವ್ಯಾಯಾಮದ ಯಂತ್ರದ ಮೇಲಿಂದ. ಎಲಿಪ್ಟಿಕಲ್ ಅನ್ನುತ್ತಾರೆ. ಪಾದವಿಡಲು ಎರಡು ಹಲಗೆ, ಹಿಡಿದು ಆಡಿಸಲು ಎರಡು ಉದ್ದನೆಯ ಹಿಡಿಕೆ; ನಿಂತಲ್ಲೇ ನಡೆಯಬೇಕು, ಎಲ್ಲಿಗೂ ಹೋಗಿ ತಲುಪುವುದಿಲ್ಲ. ಅವ್ವನಿಗೆ ಶುಗರ್, ಜೊತೆಗೆ ಮಂಡಿನೋವು. ನಡೆಯಲೇಬೇಕು, ಆದರೆ ಮಂಡಿಗೆ ಏಟು ಬೀಳಬಾರದು ಅಂದರು ಡಾಕ್ಟರು. ನಮ್ಮ ಮಾಗಡಿಯ ರಸ್ತೆಯಲ್ಲಿ ಬೆಳಿಗ್ಗೆ ಆರಕ್ಕೆ ಹೊರಟರೆ ಒಂದು ಕಡೆ ಜಲ್ಲಿ ಲಾರಿ, ಇನ್ನೊಂದು ಕಡೆ ನಾಯಿ. ಓದಿ ಮೇಷ್ಟ್ರಾದ ಮಗ ನಾನು, ಫೋನಿನಲ್ಲಿ ಹುಡುಕಿ ಯಂತ್ರವನ್ನೇ ತರಿಸಿದೆ. ಆಳುದ್ದದ ಪೆಟ್ಟಿಗೆ ಬಂತು. ಜೋಡಿಸುವವನು ಮಾತ್ರ ಬರಲಿಲ್ಲ.

ಮೂರು ಭಾನುವಾರ ಕಾದೆ. ಪ್ರತಿ ಸಲವೂ ಫೋನಿನಲ್ಲಿ ಒಬ್ಬ ಹೊಸ ಹುಡುಗ. "ಸರ್, ಮಾಗಡಿ ರೋಡಲ್ಲೇ ಇದೀನಿ, ನಿಮ್ಮನೆ ಯಾವ ಕ್ರಾಸು?"

"ಮಾಗಡಿ ರೋಡಲ್ಲ ಕಣಪ್ಪ, ಮಾಗಡಿ! ಆ ರೋಡು ಹಿಡ್ಕೊಂಡು ಬಂದ್ರೆ ಕೊನೇಲಿ ಒಂದು ಊರು ಸಿಗುತ್ತೆ, ಆ ಊರು!"

"ಅಷ್ಟು ದೂರ ನಮಗೆ ಬರಲ್ಲ ಸರ್."

ಬೆಂಗಳೂರಿನ ಒಂದು ರಸ್ತೆಗೆ ಹೆಸರು ಕೊಟ್ಟದ್ದಷ್ಟೇ ನಮ್ಮೂರಿನ ಕೆಲಸ ಅಂತ ತಿಳಿದಿದ್ದಾರೆ ಇವರು. ಸಿಟ್ಟಿನಲ್ಲಿ ಪೆಟ್ಟಿಗೆ ನಾನೇ ಬಿಚ್ಚಿದೆ.

ಅಪ್ಪ ಆಗಲೇ ಸ್ಪ್ಯಾನರ್ ಹಿಡಿದು ಬಂದು ಕೂತಿದ್ದ. ಅಪ್ಪ ಅಂದರೆ ಯಾರೆಂದು ಹೇಳಬೇಕು. ನಮ್ಮ ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಲ್ಲಿ ನಲವತ್ತು ವರ್ಷ ಸೈಕಲ್ ಶಾಪ್ ನಡೆಸಿದವನು. ಸುತ್ತಲ ಹಳ್ಳಿಗಳಲ್ಲಿ ಸೊಟ್ಟಗಾದ ಚಕ್ರದ ಬೆಂಡ್ ತೆಗೆಯುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಚಕ್ರವನ್ನು ತಿರುಗಲು ಬಿಟ್ಟು, ಕಣ್ಣು ಮುಚ್ಚಿ, ಕಡ್ಡಿಗಳಿಗೆ ಬೆರಳು ತಾಗಿಸಿ, ಯಾವ ಕಡ್ಡಿ ಸಡಿಲ ಎಂದು ಹೇಳುತ್ತಿದ್ದ. ಓದಿದ್ದು ಮೂರನೇ ಕ್ಲಾಸು. ನಾನು ಬಿ.ಎ., ಬಿ.ಎಡ್. — ನಮ್ಮ ವಂಶದಲ್ಲೇ ಮೊದಲ ಡಿಗ್ರಿ. ಆರನೇ ಕ್ಲಾಸಿನಿಂದ ಮನೆಗೆ ಯಾವ ಕಾಗದ ಬಂದರೂ, ಔಷಧಿ ಚೀಟಿಯಾಗಲಿ ಸೊಸೈಟಿ ನೋಟೀಸಾಗಲಿ, ಅಪ್ಪ ನನ್ನ ಮುಂದೆ ಹಿಡಿದು "ಓದ್ಲಾ" ಅನ್ನುತ್ತಿದ್ದ. ಓದುತ್ತಿದ್ದೆ. ಅರ್ಥವಾಗದ್ದನ್ನೂ ಅರ್ಥವಾದವನಂತೆ ಓದುತ್ತಿದ್ದೆ. "ಗೊತ್ತಾಗ್ಲಿಲ್ಲ ಕಣಪ್ಪ" ಎಂದು ಒಂದು ಸಲವೂ — ಒಂದೇ ಒಂದು ಸಲವೂ — ಅಂದವನಲ್ಲ.

ಯಂತ್ರದ ಜೊತೆ ಒಂದು ಪುಸ್ತಕ ಬಂದಿತ್ತು. ಇಂಗ್ಲಿಷು. ಎಂಥ ಇಂಗ್ಲಿಷೋ, ಕರ್ತೃ ಒಂದು ಕಡೆ, ಕ್ರಿಯಾಪದ ಇನ್ನೊಂದು ಕಡೆ. ನಾಲ್ಕು ಪುಟ ಓದಿದೆ, ತಲೆಗೆ ಹತ್ತಲಿಲ್ಲ. ಆಮೇಲೆ ಚಿತ್ರ ನೋಡಿಕೊಂಡೇ ಜೋಡಿಸಿದೆ. ಅಪ್ಪನ ಎದುರಿಗೆ ಮಾತ್ರ ಪುಸ್ತಕ ತೊಡೆಯ ಮೇಲೆ ತೆರೆದೇ ಇತ್ತು.

ಬಲಗಡೆಯ ಹಲಗೆ ಸಲೀಸಾಗಿ ಕೂತಿತು. ಎಡಗಡೆಯ ಬೋಲ್ಟು ಮಾತ್ರ ಎಷ್ಟು ತಿರುಗಿಸಿದರೂ ಒಳಕ್ಕೆ ಹೋಗಲಿಲ್ಲ. ಅಪ್ಪ ಕೂತಲ್ಲಿಂದಲೇ ಅಂದ: "ಲೇ, ಎಡಗಡೇದು ಉಲ್ಟಾ ಥ್ರೆಡ್ ಇರ್ತದೆ ಕಣ್ಲಾ, ಸೈಕಲ್ ಪೆಡ್ಲು ಇದ್ದಂಗೆ. ಇಲ್ದಿದ್ರೆ ತುಳೀತಾ ತುಳೀತಾ ಕಳಚ್ಕತದೆ. ಎಡಕ್ಕೆ ತಿರುಗ್ಸು. ಪುಸ್ತಕದಲ್ಲಿ ಬರ್ದಿರ್ತಾರೆ, ನೋಡ್ಲಾ ಒಸಿ."

"ನೋಡ್ದೆ ಕಣಪ್ಪ. ಅಂಗೇನೂ ಬರ್ದಿಲ್ಲ."

ನೋಡಿರಲಿಲ್ಲ.

"ಸರ್ಯಾಗಿ ನೋಡ್ದಾ?"

"ಇದು ಸೈಕಲ್ ಅಲ್ಲಪ್ಪ! ನಿನ್ನ ಶಾಪಿನ ವಿದ್ಯೆ ಇಲ್ಲಿ ನಡೆಯಾಕಿಲ್ಲ. ಸುಮ್ಕಿರು."

ಅಪ್ಪ ತನ್ನ ಸ್ಪ್ಯಾನರನ್ನು ಕೆಳಗಿಟ್ಟ. ಪುಸ್ತಕ ನನ್ನ ಕೈಯಲ್ಲಿತ್ತಲ್ಲ, ಅದಕ್ಕೆ. ಪುಸ್ತಕ ಹಿಡಿದವನ ಮಾತಿನ ಮೇಲೆ ಅವನಿಗೆ ಅಷ್ಟು ನಂಬಿಕೆ. ಆ ನಂಬಿಕೆಯಿಂದಲೇ ನನ್ನನ್ನು ಓದಿಸಿದ್ದ — ಅದನ್ನೇ ನಾನು...

ಸ್ಪ್ಯಾನರಿಗೆ ಒಂದು ಕಬ್ಬಿಣದ ಪೈಪು ಸಿಕ್ಕಿಸಿ, ಇಡೀ ಮೈಭಾರ ಹಾಕಿ, ಬಲಕ್ಕೇ ತಿರುಗಿಸಿದೆ. ಕರಕ್ ಅಂತು. ಬೋಲ್ಟು ಒಂದಿಷ್ಟು ಒಳಗೆ ಹೋಗಿ ಕಚ್ಚಿಕೊಂಡಿತು. ಗೆದ್ದೆ ಅಂದುಕೊಂಡೆ. ಕೊನೆಗೆ ಅಪ್ಪ ಎದ್ದು ಬಂದು ಎಲ್ಲಾ ಬೋಲ್ಟುಗಳಿಗೂ ಒಂದೊಂದು ಸುತ್ತು ಸ್ಪ್ಯಾನರ್ ಆಡಿಸಿದ. ಎಡಗಡೆಯದಕ್ಕೆ ಬಂದಾಗ ನಿಂತ. "ಇದ್ಯಾಕೋ ಸೊಟ್ಟಗೆ ಕುಂತೈತೆ ಕಣ್ಲಾ" ಅಂದ. "ಅದು ಇರೋದೇ ಅಂಗೆ, ಬುಡಪ್ಪ" ಅಂದೆ. ಸ್ಪ್ಯಾನರ್ ತೆಗೆದುಬಿಟ್ಟ.

ಹತ್ತು ಹನ್ನೊಂದು ದಿನ ನಮ್ಮ ಮನೆಯಲ್ಲಿ ಜಾತ್ರೆ. ಅವ್ವ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹತ್ತಿ ನಿಲ್ಲುತ್ತಿದ್ದಳು. ಎದುರು ಮನೆ ಜಯಮ್ಮ ಬಾಗಿಲಲ್ಲಿ ನಿಂತು, "ಎಲ್ಲೀಗಂಟ ಹೋದೆ ಕಣಕ್ಕ?" ಅನ್ನುವಳು. ಅವ್ವ ಮೀಟರ್ ತೋರಿಸಿ ನನ್ನನ್ನು ಕೇಳುವಳು. ನಾನು ಓದಿ ಹೇಳುತ್ತಿದ್ದೆ. ಅವ್ವನ ಲೆಕ್ಕವೆಲ್ಲ ಪಕ್ಕದ ಹಳ್ಳಿ ಕಲ್ಯದ ದಾರಿಯಲ್ಲಿ. "ಅಂಗಂದ್ರೆ ಕಲ್ಯದ ಅರ್ಧ ದಾರಿ ಆಯ್ತು. ನಾಳೆ ಕಲ್ಯ ಮುಟ್ಟಿ ಬತ್ತೀನಿ ಕಣೆ ಜಯಮ್ಮ, ಏನಾರ ತರ್ಬೇಕಿದ್ರೆ ಏಳು!"

ಕಲ್ಯ ಮುಟ್ಟಲಿಲ್ಲ. ಒಂದು ಬೆಳಿಗ್ಗೆ ಎಡಗಾಲಿನ ಹಲಗೆ ಕಳಚಿ ಕೆಳಗೆ ಬಿತ್ತು, ಅವ್ವ ಅದರ ಜೊತೆಗೆ. ಬಲಗೈ ಮಣಿಕಟ್ಟು ಮುರಿಯಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ನಾನು, ನನ್ನ ಹೆಂಡತಿ, ಬೆಂಚಿನ ತುದಿಯಲ್ಲಿ ಅಪ್ಪ. ದೊಡ್ಡಮಳೂರಿನಿಂದ ನಮ್ಮಕ್ಕ ಮಂಜುಳ ಓಡಿ ಬಂದಳು. ಬಂದವಳೇ, "ಯಾರ್ಲಾ ಅದನ್ನ ಜೋಡ್ಸಿದ್ದು?" ಅಂದಳು.

ನಾನು ಅಂದೆ: "ಕೊನೇಲಿ ಸ್ಪ್ಯಾನರ್ ಆಕಿದ್ದು ಅಪ್ಪ."

ಸುಳ್ಳಲ್ಲ ಅದು. ಅದೇ ಅದರ ನೀಚತನ. ಪೂರ್ತಿ ಸುಳ್ಳು ಹೇಳಿದ್ದರೆ ಯಾವತ್ತಾದರೂ ಸಿಕ್ಕಿಬೀಳುತ್ತಿದ್ದೆ. ಓದಿದವನು ಹೇಳುವ ಸುಳ್ಳು ಹಾಗಿರುವುದಿಲ್ಲ.

"ಅಪ್ಪಂಗೆ ಕೈ ನಡುಗ್ತವೆ ಅಂತ ಗೊತ್ತಿದ್ದೂ ಯಾಕ್ಲಾ ಮುಟ್ಟಾಕ್ ಬುಟ್ಟೆ?" ಎಂದಳು ಅಕ್ಕ.

ಅಪ್ಪನ ಕೈ ನಡುಗುತ್ತಿದ್ದದ್ದು ಬೀಡಿಗೆ ಕಡ್ಡಿ ಗೀರುವಾಗ ಮಾತ್ರ. ಸ್ಪ್ಯಾನರ್ ಹಿಡಿದರೆ ನಡುಗುತ್ತಿರಲಿಲ್ಲ. ನನಗೆ ಗೊತ್ತಿತ್ತು. ಹೇಳಬಹುದಿತ್ತು. ಅಪ್ಪ ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ನೋಡುತ್ತಾ ಕೂತ. "ಇದ್ರೂ ಇರಬೌದು ಕಣವ್ವ" ಅಂದ ಅಕ್ಕನಿಗೆ. ಅಷ್ಟೇ. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ — ನೋಡಿದ್ದರೆ ಬಾಯಿ ಬಿಡುತ್ತಿದ್ದೆನೋ ಏನೋ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದೂ ಕಳ್ಳ ಮಾತೇ. ಬಿಡುತ್ತಿರಲಿಲ್ಲ.

ಮಧ್ಯಾಹ್ನ ಮನೆಗೆ ಬಂದು ಪುಸ್ತಕ ತೆಗೆದೆ. ಒಂಬತ್ತನೇ ಪುಟ. ದಪ್ಪ ಗೆರೆಯ ಚೌಕದೊಳಗೆ, L ಅಕ್ಷರದ ಪಕ್ಕ ಎಡಕ್ಕೆ ತಿರುಗಿದ ಬಾಣ. ಕೆಳಗೆ ಎರಡು ಸಾಲು: ಎಡಗಡೆಯ ಬೋಲ್ಟಿನ ಥ್ರೆಡ್ ಉಲ್ಟಾ ಇದೆ, ಬಿಗಿಮಾಡಲು ಎಡಕ್ಕೆ ತಿರುಗಿಸಿ. ನಮ್ಮ ಶಾಲೆಯ ಏಳನೇ ಕ್ಲಾಸಿನ ಹುಡುಗಿ ಓದಿ ಹೇಳಬಹುದಾದ ಇಂಗ್ಲಿಷು. ಇಡೀ ಪುಸ್ತಕದಲ್ಲಿ ನೆಟ್ಟಗೆ ಬರೆದಿದ್ದ ಪುಟ ಅದೊಂದೇ ಇರಬೇಕು. ಅದನ್ನು ಹರಿದೆ. ಬೆಂಕಿಗೆ ಹಾಕುವ ಧೈರ್ಯ ಬರಲಿಲ್ಲ. ಮಡಚಿ, ನನ್ನ ಡಿಗ್ರಿ ಸರ್ಟಿಫಿಕೇಟ್ ಇರುವ ಫೈಲಿನೊಳಗೆ ಇಟ್ಟೆ. ಅಪ್ಪ ಆ ಫೈಲನ್ನು ಮುಟ್ಟುವುದಿಲ್ಲ. ಎಣ್ಣೆ ಕೈ, ಕಲೆಯಾದೀತು ಅನ್ನುತ್ತಾನೆ. ಶಾಪ್ ಮುಚ್ಚಿ ಎಷ್ಟು ವರ್ಷವಾದರೂ ಅವನ ಲೆಕ್ಕದಲ್ಲಿ ಅವು ಎಣ್ಣೆ ಕೈಗಳೇ.

ಅವ್ವನ ಮಣಿಕಟ್ಟು ಕೂಡಿತು, ನೆಟ್ಟಗೆ ಕೂಡಲಿಲ್ಲ. ಮುದ್ದೆ ತಿರುವಲು ಆಗುವುದಿಲ್ಲ. ಯಂತ್ರದ ಹಿಡಿಕೆಗಳಿಗೆ ಈಗ ಬೆಳ್ಳುಳ್ಳಿ ಗೊಂಚಲು ನೇತುಹಾಕಿದ್ದೇವೆ. ಅಪ್ಪ ಸ್ಪ್ಯಾನರುಗಳ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಸಿದ. ಆಮೇಲಿನ ಅವನ ವಿನಯ ಇದೆಯಲ್ಲ, ಅದನ್ನು ತಡೆಯಲು ನನ್ನಿಂದ ಆಗುತ್ತಿಲ್ಲ. ಕುಕ್ಕರಿನ ಹಿಡಿ ಸಡಿಲವಾದರೆ "ಮೇಷ್ಟ್ರು ಬರ್ಲಿ, ಅವ್ನೇ ನೋಡ್ತಾನೆ" ಅನ್ನುತ್ತಾನೆ. ಬಾಗಿಲ ಚಿಲಕದ ಒಂದು ಸ್ಕ್ರೂ ಬಿಗಿಮಾಡಲು ಶಾಲೆಯಿಂದ ನಾನು ಬರುವ ತನಕ ಕಾಯುತ್ತಾನೆ. ನನಗೋ ಸ್ಕ್ರೂ ಡ್ರೈವರ್ ಹಿಡಿಯಲು ಸರಿಯಾಗಿ ಬರುವುದಿಲ್ಲ. ಅವನು ಪಕ್ಕದಲ್ಲಿ ಕೈಕಟ್ಟಿ ನಿಂತು, ತಪ್ಪು ಕಂಡರೂ ಹೇಳದೆ, ನೋಡುತ್ತಾನೆ. ಒಂದು ಸಲ ಬೈಯಬಾರದೇ! ಬೈದರೆ ಸಾಕು ಅನ್ನಿಸಿ ಮೈಯೆಲ್ಲ ಉರಿಯುತ್ತದೆ. ಉರಿದು ಅವನ ಮೇಲೆಯೇ ರೇಗುತ್ತೇನೆ.

ಹೋದ ಭಾನುವಾರ ಕಲ್ಯದ ಪುಟ್ಟಸ್ವಾಮಿ ಬಂದ. ಅಪ್ಪನ ಹಳೇ ಗಿರಾಕಿ. ಹೆಗಲ ಮೇಲೆ ಒಂದು ಸೈಕಲ್ ಚಕ್ರ.

"ಮಾಗಡೀಲಿ ಒಬ್ಬ ನನ್ಮಗಂಗೂ ಬೆಂಡ್ ತೆಗ್ಯಾಕ್ ಬರಾಕಿಲ್ಲ ಕಣಣ್ಣ. ಹೊಸ ರಿಮ್ ಆಕ್ಸು ಅಂತವ್ರೆ. ನೀನೊಸಿ ಕೈ ಆಡ್ಸು."

ಅಪ್ಪ ಚಕ್ರವನ್ನು ನೋಡಿದ. ಅವನ ಕೈ ಅರ್ಧ ಮೇಲೆದ್ದದ್ದನ್ನು ನಾನು ಕಂಡೆ. ಮತ್ತೆ ಕೆಳಗಿಳಿಯಿತು. "ಬ್ಯಾಡ ಕಣ್ಲಾ ಪುಟ್ಟಸ್ವಾಮಿ. ನನ್ ಕೈ ಕೆಟ್ಟೋಗವೆ. ಕಟ್ಕೊಂಡ ಎಂಡ್ರನ್ನೇ ಕೆಡವ್ದೋನು ನಾನು."

ಪುಟ್ಟಸ್ವಾಮಿ ನಕ್ಕ. ತಮಾಷೆ ಅಂದುಕೊಂಡ. ನಾನು ಗಡಬಡಿಸಿ ಎದ್ದು, "ಸ್ಕೂಲಿಗೆ ಹೊತ್ತಾಯ್ತು" ಅಂದೆ.

"ಇವತ್ತು ಭಾನ್ವಾರ ಕಣ್ಲಾ ಮೇಷ್ಟ್ರೆ" ಅಂದ ಅಪ್ಪ.

ಪುಟ್ಟಸ್ವಾಮಿ ಜಗ್ಗಲಿಲ್ಲ. "ಇಲ್ಲೇ ಬಿದ್ದಿರ್ಲಿ, ಮನಸು ಬಂದ್ರೆ ನೋಡು" ಎಂದು ಚಕ್ರವನ್ನು ಜಗುಲಿಯ ಗೋಡೆಗೆ ಒರಗಿಸಿ ಹೋದ. ಒಂದು ವಾರದಿಂದ ಅದು ಅಲ್ಲೇ ಇದೆ. ಅಪ್ಪ ಅದಕ್ಕೆ ಬೆನ್ನು ತಿರುಗಿಸಿ ಬಿಸಿಲು ಕಾಯಿಸುತ್ತಾನೆ.

ನಾಳೆ ಮತ್ತೆ ಭಾನುವಾರ. ಅಟ್ಟದಿಂದ ಪೆಟ್ಟಿಗೆ ಇಳಿಸಿದ್ದೇನೆ. ಬರೆದಿರುವ ಇದಿಷ್ಟನ್ನೂ ಅಪ್ಪನಿಗೆ ಓದಲು ಕೊಡುತ್ತೇನೆ. ಅಕ್ಕನಿಗೂ ಬರಲು ಹೇಳಿದ್ದೇನೆ. ನಾನು ಓದಿ ಹೇಳುವುದಿಲ್ಲ — ನಾನು ಓದಿ ಹೇಳಿದ್ದು ಸಾಕು. ಅಪ್ಪ ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾನೆ. ಮುಗಿಯುವುದಕ್ಕೆ ಮಧ್ಯಾಹ್ನವಾಗಬಹುದು. ಅಲ್ಲಿಯವರೆಗೂ ಎದುರಿಗೆ ಕೂತಿರುತ್ತೇನೆ.

ಅಪ್ಪ, ಇಲ್ಲಿಗೆ ಬಂದಿದ್ದರೆ ಬೆರಳು ತೆಗೆದು ಈ ಕಾಗದದ ಹಿಂದೆ ಇರುವುದನ್ನು ನೋಡು. ಒಂಬತ್ತನೇ ಪುಟ ಅದು. ಕಲೆಯಾದರೂ ಆಗಲಿ, ಮುಟ್ಟು. ಇಂಗ್ಲಿಷು ಬರಬೇಕಾಗಿಲ್ಲ, ಬಾಣ ಇದೆ. ಅವತ್ತು ನೀನು ಕೇಳಿದ್ದಕ್ಕೆ ಉತ್ತರ ಈಗ ಹೇಳುತ್ತಿದ್ದೇನೆ.

ಬರ್ದವ್ರೆ ಕಣಪ್ಪ. ನೀನು ಏಳ್ದಂಗೇ ಬರ್ದವ್ರೆ.